ಪಂಕ್ತಿಗೆ ಬಗ್ಗುವ ಅಭ್ಯಾಸ

೨೦೨೫ರ ಏಪ್ರಿಲ್ ೧, ಮಂಗಳವಾರ. ದಿನಾಂಕಕ್ಕೆ ಆಧಾರ, ಶಿರಸಿಯ ನಮ್ಮ ಮನೆಯ ಕಿಟಕಿಯಿಂದ ನಾನು ಮೊಬೈಲಿನಲ್ಲಿ ತೆಗೆದ ಒಂದು ಚಿತ್ರ. ಪಕ್ಕದ ಮನೆಯ ಯಜಮಾನರು ನೀರು ತುಂಬಿದ ಬಕೆಟ್ ಹಿಡಿದು, ಸಾಲಾಗಿಟ್ಟ ಹೂಕುಂಡಗಳಿಗೆ ಬಗ್ಗಿ ಬಗ್ಗಿ ಸೌಟಿನಿಂದ ನೀರು ಬಡಿಸುತ್ತಿದ್ದಾರೆ.

ಹಿಂದೆ ಯಾರ ಮನೆಯ ಊಟವಾದರೂ ಪಂಕ್ತಿಗೆ ಪಾಯಸ ಬಡಿಸುತ್ತಿದ್ದವರು ಅವರೇ. ಸೊಂಟನೋವಿನಿಂದ ಕೆಲಕಾಲ ಮಲಗಿ ಎದ್ದ ಮೇಲೆ ಮೈ ದಪ್ಪವಾಗಿತ್ತು. ಸಿದ್ದಾಪುರದ ಮದುವೆಯೊಂದರಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಎಲೆ-ಅಡಿಕೆಯ ಕವಳದ ತಟ್ಟೆ ಕಾಯಲು ಹೇಳಿದ್ದರು. ಇನ್ನೊಂದು ತಿಂಗಳಿಗೆ ಮೊಮ್ಮಗನ ಉಪನಯನ. ಅಷ್ಟರೊಳಗೆ ಮತ್ತೆ ಬಡಿಸುವಂತಾಗಬೇಕೆಂದು, ವೈದ್ಯರನ್ನು ಕೇಳಿಕೊಂಡು, ದಿನವೂ ಈ ವ್ಯಾಯಾಮ ಮಾಡುವ ಪಣ ತೊಟ್ಟಿದ್ದರು.

ಪ್ರತಿ ಕುಂಡದೆದುರೂ, ಸಂಕೋಚ ಬೇಡವೆಂದು ಪಂಕ್ತಿಯಲ್ಲಿ ಒತ್ತಾಯಿಸುವ ಅದೇ ಮಾತು: “ಇನ್ನೊಂಚೂರು ಹಾಕ್ಲಾ? ದಾಕ್ಷಿಣ್ಯ ಮಾಡಡಿ.”

ಒಳಗಿನಿಂದ ಪತ್ನಿ ಕೂಗುತ್ತಿದ್ದರು: “ಸಾಕು ಮಾಡಿ ಮಾರಾಯ್ರಾ, ಗಿಡ ಕೊಳೆತು ಹೋಗ್ತು!”

“ಸಾಕು ಅಂದವ್ರನ್ನ ಆನು ಬಿಟ್ಟಿದ್ದು ಯಾವಾಗ?”

ಉಪನಯನದ ದಿನ ಅವರು ಪಾಯಸದ ಬಕೆಟ್ ಎತ್ತಿದಾಗ ಮಗಳು ಕುರ್ಚಿ ಹಿಡಿದು ಹಿಂದೆಯೇ ನಡೆದಳು. ಅವರು ಎಲ್ಲೂ ನಿಲ್ಲದೆ ಪಂಕ್ತಿಯ ತುದಿಯವರೆಗೆ ಬಡಿಸಿದರು. ಕೊನೆಯಲ್ಲಿದ್ದ ನನ್ನ ಬಾಳೆಲೆಗೆ ಬಗ್ಗಿ ನೆಟ್ಟಗಾದಾಗ, ಬಿಗಿಹಿಡಿದಿದ್ದ ಉಸಿರನ್ನು ನಾನೂ ಬಿಟ್ಟೆ. ನನ್ನ ನೆನಪು ಇಷ್ಟು.

ಆ ದಿನದ ವಿಡಿಯೊ ಇದನ್ನು ಒಪ್ಪುವುದಿಲ್ಲ. ಅದರಲ್ಲಿ ಅವರು ಪಂಕ್ತಿಯ ನಡುವೆ ಬಕೆಟ್ ಕೆಳಗಿಡುತ್ತಾರೆ. ಮಗಳು ಕುರ್ಚಿ ಸರಿಸುತ್ತಾಳೆ. ಅವರು ಕೂರುವುದಿಲ್ಲ, ಬೆವರೊರೆಸಿಕೊಂಡು, ಬಕೆಟ್ಟನ್ನು ತಾವೇ ಎತ್ತಿ, ಮುಂದಿನ ಎಲೆಗೆ ಬಗ್ಗುತ್ತಾರೆ.