ಭಟ್ಜಿ ಒಪ್ಪದ ಗಗನವೀರ

ಬೆಳಿಗ್ಗೆ ಚಟ್ನಿಗೆಂದು ಕರಿ ಎಳ್ಳು ತೊಳೆಯುತ್ತಿದ್ದೆ. ಒದ್ದೆ ಎಳ್ಳು ಅಂಗೈಗೆಲ್ಲ ಅಂಟಿಕೊಂಡಿತು. ಮಣ್ಣಿನಂಥ ಒಂದು ವಾಸನೆ ಬಂತು, ಅಷ್ಟೇ... ಪಂಚವಟಿಯ ಭಟ್ಜಿ ಕಣ್ಣ ಮುಂದೆ ಬಂದು ಕೂತರು. ಎಷ್ಟು ತೊಳೆದರೂ ಅವರ ಕೈಗೆ ಇದೇ ವಾಸನೆ ಇರುತ್ತಿತ್ತು.

ಅವರು ನೆನಪಾಗಲು ಇನ್ನೊಂದು ಕಾರಣವೂ ಇದೆ. ಅದನ್ನು ಯಾರಿಗಾದರೂ ಹೇಳದೆ ನನ್ನಿಂದ ಇರಲಾಗದು, ಅಷ್ಟು ಖುಷಿಯಾಗಿದೆ. ನಿನ್ನೆ ಇಲ್ಲಿ, ಸಂಭಾಜಿನಗರದಲ್ಲಿ, ಗಗನನೌಕೆಯ ಧಾರಾವಾಹಿಗಳ ಹುಚ್ಚು ಹಿಡಿದ ಹುಡುಗ ಹುಡುಗಿಯರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದರು. ನನ್ನ ಮಗನ ಮಗಳು ವೇದಿಕೆಯ ಮೇಲೆ ನಿಂತು ಮರಾಠಿಯಲ್ಲಿ ಮಾತಾಡಿದಳು. ಹೊಸ ಧಾರಾವಾಹಿಯೊಂದರಲ್ಲಿ ನಾಯಕಿಯ ಅಕ್ಕ ಸಾಯುತ್ತಾಳಂತೆ. ಮರುಗಳಿಗೆಯೇ ನಾಯಕಿ ಏನೂ ಆಗದವಳ ಹಾಗೆ ನೌಕೆ ನಡೆಸುತ್ತಾಳಂತೆ. "ಅವಳು ಒಂದಾದರೂ ತಪ್ಪು ಬಟನ್ ಒತ್ತಬೇಕಿತ್ತು. ದುಃಖ ಅಂದರೆ ಅದು. ಇದು ನನ್ನ ಅಜ್ಜಿಯ ಮಾತು," ಅಂದಳು. ಚಪ್ಪಾಳೆಯೋ ಚಪ್ಪಾಳೆ! ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಸೆರಗು ಮುಖಕ್ಕೆ ಹಿಡಿದು ನಕ್ಕೆ. ಆದರೆ ಆ ಮಾತು ನನ್ನದಲ್ಲ, ಭಟ್ಜಿಯದು.

ಮದುವೆಯಾಗಿ ಬೀದರ್ ಕಡೆಯಿಂದ ನಾಶಿಕಕ್ಕೆ ಬಂದಾಗ ನಾವು ಪಂಚವಟಿಯ ಒಂದು ಓಣಿಯಲ್ಲಿದ್ದೆವು, ಮಾಳಿಗೆಯ ಮೇಲೆ ಒಂದೇ ಕೋಣೆ. ನಮ್ಮ ಮನೆಯವರಿಗೆ ಹತ್ತಿರದ ಸಿನ್ನರ್ ಊರಿನ ಕಾರ್ಖಾನೆಯಲ್ಲಿ ಕೆಲಸ. ಕೆಳಗಿನ ಮನೆಯವರು ಭಟ್ಜಿ. ಗೋದಾವರಿಯ ದಂಡೆಯಲ್ಲಿ, ಸತ್ತವರ ಹೆಸರಿನಲ್ಲಿ ಎಳ್ಳುನೀರು ಬಿಡಿಸುವುದು ಅವರ ಕೆಲಸ. ಭಾನುವಾರ ಅದನ್ನು ಮುಗಿಸಿ ನಮ್ಮ ಮೆಟ್ಟಿಲು ಹತ್ತುತ್ತಿದ್ದರು, ಟಿವಿಯಲ್ಲಿ ಗಗನನೌಕೆಯ ಧಾರಾವಾಹಿ ನೋಡಲು. ಅವರ ತಾಯಿ ಮನೆಯೊಳಗೆ ಟಿವಿ ತರಗೊಟ್ಟಿರಲಿಲ್ಲ.

"ನಮ್ಮ ಆಯಿ ಕೇಳಿದ್ರ ಪಂಚಾಂಗ ಹೇಳ್ಲಿಕ್ಕ ಬಂದಾರ ಅಂತ ಹೇಳ್ರಿ, ವೈನಿ," ಎನ್ನುತ್ತಿದ್ದರು. ಅವರಾಡಿದ್ದು ಮರಾಠಿ, ನನ್ನ ಮನಸ್ಸಿನಲ್ಲಿ ಮಾತ್ರ ನಮ್ಮ ಕಡೆಯ ಕನ್ನಡದಲ್ಲೇ ಉಳಿದಿದೆ.

ನೋಡುವುದಕ್ಕಿಂತ ಅವರು ಟಿವಿಯ ಜೊತೆ ಜಗಳವಾಡಿದ್ದೇ ಹೆಚ್ಚು. ಬೇರೆ ಗ್ರಹದ ರಾಕ್ಷಸ ಬಂದರೆ, "ಹ್ವಾದ ತಿಂಗಳ ಬಂದಾವನೇ ಇಂವ. ಎರಡು ಕೊಂಬು ಹಚ್ಚಿ ಮತ್ತ ಕಳಿಸ್ಯಾರ! ಇವಗ ತಾಯಿ ಇಲ್ಲೇನು, ಮನಿ ಇಲ್ಲೇನು? ಸುಮ್ಮ ಸುಮ್ಮನೇ ಭೂಮಿ ಸುಡ್ಲಿಕ್ಕ ಯಾಕ ಬರ್ತಾನ?" ಎಂದು ಕೇಳುತ್ತಿದ್ದರು.

ನಮ್ಮ ಮನೆಯವರು ಬಿಡುತ್ತಿರಲಿಲ್ಲ. "ಭಟ್ಜಿ, ನೀವು ದಿನಾ ಅದೇ ಮಂತ್ರ ಹೇಳ್ತೀರಿ. ಅವರಿಗೆ ಮಾತ್ರ ಹೊಸಾದು ತರ್ರಿ ಅಂತೀರಿ!"

"ಮಂತ್ರ ಹಳೇದು ದಾದಾ. ಮುಂದ ಕೂಡೋ ಮನಷ್ಯಾ ದಿನಾ ಹೊಸಬ."

ಆ ವರ್ಷ ನನ್ನ ಅವ್ವ ಹೋದಳು. ನಾನು ತವರು ಮುಟ್ಟುವಷ್ಟರಲ್ಲಿ ಮಣ್ಣಾಗಿಹೋಗಿತ್ತು. ಏನು ಮಾಡಿದರೂ ನನಗೆ ಅಳು ಬರಲಿಲ್ಲ. ಅಣ್ಣನ ಹೆಂಡತಿ ಎಲ್ಲರ ಮುಂದೆ, "ಹೆತ್ತ ತಾಯಿ ಹ್ವಾದ್ರೂ ಕಣ್ಣಾಗ ಹನಿ ಇಲ್ಲ. ಕಲ್ಲು ಈಕಿ," ಎಂದುಬಿಟ್ಟಳು. ನಾಶಿಕಕ್ಕೆ ಮರಳಿ ರೊಟ್ಟಿ ಬಡಿದೆ, ಬಟ್ಟೆ ಒಗೆದೆ, ಡಬ್ಬಿ ಕಟ್ಟಿದೆ. ಒಳಗೆ ಒಂದೇ ಹೆದರಿಕೆ: ನಾನು ನಿಜವಾಗಿಯೂ ಕಲ್ಲೇ ಇರಬಹುದೇ? ಗಂಡನ ಮುಂದೆಯೂ ಬಾಯಿ ಬಿಡಲಿಲ್ಲ...

ಒಂದು ಭಾನುವಾರ ಧಾರಾವಾಹಿಯಲ್ಲಿ ನಾಯಕನ ಜೀವದ ಗೆಳೆಯ ಸುಟ್ಟುಹೋದ. ನಾಯಕ ಬೆವರು ಒರೆಸಿಕೊಂಡು ನೌಕೆ ತಿರುಗಿಸಿದ. ಭಟ್ಜಿ ಚಹಾದ ಕಪ್ಪು ಹಿಡಿದೇ ಎದ್ದು ನಿಂತರು.

"ಸುಳ್ಳು! ಗೆಳೆಯ ಸತ್ತಾನ, ಇಂವ ಬಟನ್ ಒತ್ಕೋತ ಕುಂತಾನ. ಯಾರರ ಹಿಂಗ ಇರ್ತಾರೇನು?"

"ನಾ ಇದ್ದೀನಲ್ರಿ ಭಟ್ಜಿ," ಅಂದೆ. ಹೇಗೆ ಅಂದೆನೋ ತಿಳಿಯದು. "ನಮ್ಮವ್ವ ಸತ್ತಾಳ, ನಾ ರೊಟ್ಟಿ ಬಡೀಲತ್ತೀನಿ. ನಾನೂ ಸುಳ್ಳೇನು?"

ಮನೆಯವರು ತಲೆ ತಗ್ಗಿಸಿದರು. ಭಟ್ಜಿ ಮೆಲ್ಲನೆ ಕೂತು, "ವೈನಿ, ನಿಮ್ಮ ಚಹಾ ನೀವೇ ಒಂದು ಗುಟುಕು ಕುಡೀರಿ," ಅಂದರು.

ಕುಡಿದೆ. ಉಪ್ಪು.

"ಹ್ವಾದ ವಾರನೂ ಉಪ್ಪೇ ಇತ್ರಿ. ದಾದಾ ಕಣ್ಸನ್ನಿ ಮಾಡಿದ್ರು, ಇಬ್ರೂ ಸುಮ್ಮ ಕುಡದ್ವಿ." ಕಪ್ಪು ಕೆಳಗಿಟ್ಟು ಹೇಳಿದರು, "ದಂಡಿ ಮ್ಯಾಲ ಎಲ್ಲಾರೂ ಅಳಂಗಿಲ್ಲ. ಒಬ್ಬ ಒಂದೇ ಕಾಲಾಗ ಚಪ್ಪಲಿ ಹಾಕ್ಕೊಂಡು ಬರ್ತಾನ. ಒಬ್ಬಗ ಅಪ್ಪನ ಹೆಸರು ಕೇಳಿದ್ರ ತನ್ನ ಹೆಸರು ಹೇಳ್ತಾನ. ಈ ನಾಯಕನೂ ಅಳೋದು ಬ್ಯಾಡ. ಒಂದು ತಪ್ಪು ಬಟನ್ ಒತ್ತಬೇಕಿತ್ತು, ಅಷ್ಟೇ ನನ್ನ ತಕರಾರು."

ಆಗ ಅತ್ತೆ. ಅವ್ವ ಹೋದ ಮೇಲೆ ಮೊದಲ ಸಲ. ಓಣಿಗೆ ಕೇಳದಿರಲಿ ಎಂದು ಭಟ್ಜಿ ಟಿವಿಯ ದನಿ ಏರಿಸಿ, ಪರದೆಯನ್ನೇ ನೋಡುತ್ತ ಕೂತರು.

ಇದನ್ನೆಲ್ಲ ಇವತ್ತು ಮೊಮ್ಮಗಳಿಗೆ ಹೇಳಿದೆ. ಕನ್ನಡ ಅವಳಿಗೆ ತಿಳಿಯುತ್ತದೆ, ಆಡುವುದು ಕಷ್ಟ. "ಅಜ್ಜಿ, ಚಲ್ ನಾ! ಅವರಿಗೆ ನನ್ನ ವಿಡಿಯೋ ತೋರಿಸು," ಎಂದು ಫೋನು ತಂದಳು.

"ಅವರು ಹೋಗಿ ಭಾಳ ವರ್ಷ ಆತು, ಕೂಸೇ."

ಫೋನು ಕೆಳಗಿಟ್ಟಳು. "ನೀನು ಅತ್ತಿಯೇನು?"

"ಇಲ್ಲ. ಆಗ ನಾವು ನಾಶಿಕ ಬಿಟ್ಟು ಈ ಊರಿಗೆ ಬಂದಿದ್ವಿ. ಸುದ್ದಿ ಬಂದ ಕೂಡ್ಲೆ ಇಲ್ಲಿನ ಸ್ಟ್ಯಾಂಡಿಗೆ ಓಡಿದೆ. ಬಸ್ ಹತ್ತಿ ಕುಂತೆ. ಕಂಡಕ್ಟರ್ 'ಗಂಗಾಪುರ?' ಅಂದ, ನಾ ಹೂಂ ಅಂದೆ. ಇಳದ ಮ್ಯಾಲೇ ಗೊತ್ತಾತು, ನಾ ಹೋಗಬೇಕಾದ್ದು ನಾಶಿಕ ಅಂತ."

ಅವಳು ನಗಲಿಲ್ಲ. ನಾನು ದಂಡೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು...