ಅಪ್ಪನ ಲೋಟದಲ್ಲಿ ರಮ್ ಟೀ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಿಂದ ರಮ್ಮಿನ ವಾಸನೆ ಬಂತು. ಕಾರಣ ನಾನೇ.

ಗಾಬರಿಯಾಗಬೇಡಿ, ಅದು ಟೀ. ಆನ್‌ಲೈನಿನಲ್ಲಿ ತರಿಸಿದ್ದು. ಒಂದು ಡಬ್ಬಿ ರಮ್ಮಿನ ಪರಿಮಳದ್ದು, ಇನ್ನೊಂದು ಕಿತ್ತಳೆಯ ಸಿಹಿಮದ್ಯದ್ದು. ಒಂದು ಹನಿ ಆಲ್ಕೋಹಾಲೂ ಇಲ್ಲ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ನಮ್ಮ ವಂಶಕ್ಕೇ ಮೊದಲ ಡಿಗ್ರಿ ನನ್ನದು. ಅಚ್ಚಾಗಿದ್ದನ್ನೆಲ್ಲ ನಂಬುವುದು ನನ್ನ ಚಟ.

ಬಿಸಿನೀರಿನಲ್ಲಿ ಮೂರು ನಿಮಿಷ ನೆನೆಸಿ ಕುಡಿಯಿರಿ ಎಂದೂ ಬರೆದಿತ್ತು. (ಹಾಲಿಲ್ಲದ ಟೀ ಕೊಟ್ಟರೆ ನಮ್ಮೂರು ನಲ್ಲೂರಿನಲ್ಲಿ "ಯಾಕೆ, ಜ್ವರ ಬಂದೈತಾ?" ಅಂತಾರೆ.) ಎಮ್ಮೆ ಹಾಲು ಹಾಕಿ, ಸಕ್ಕರೆ ಸುರಿದು ಕುದಿಸಿಯೇಬಿಟ್ಟೆ. ಏನು ಘಮ ಅಂತೀರಿ! ಸುಟ್ಟ ಸಕ್ಕರೆ, ಒಣದ್ರಾಕ್ಷಿ, ಮೂಗಿನ ತುದಿಯಲ್ಲಿ ಸಣ್ಣಗೆ ಚುರುಕು. ಖುಷಿಯಲ್ಲಿ ಪಡಸಾಲೆಯಲ್ಲಿದ್ದ ಅಪ್ಪನಿಗೂ ಒಂದು ಲೋಟ ಕೊಟ್ಟು ಬಂದೆ.

ಡೈರಿಗೆ ಹಾಲು ಹಾಕಲು ಹೋಗಿದ್ದ ಅವ್ವ ಸ್ವಲ್ಪ ಹೊತ್ತಿಗೆ ಬಂದಳು. ಹೊಸ್ತಿಲಲ್ಲೇ ನಿಂತಳು. ಗಾಳಿ ಮೂಸಿದಳು.

"ಏನ್ರೀ, ಮತ್ತೆ ಶುರುವಾತಾ?"

ಅಪ್ಪ ಕುಡಿತ ಬಿಟ್ಟು ನಾಲ್ಕು ವರ್ಷ. ಮಠದಲ್ಲಿ ವಿಭೂತಿ ಮುಟ್ಟಿ ಆಣೆ ಮಾಡಿ ಬಿಟ್ಟವನು. ಅಂದಿನಿಂದ ಅಪ್ಪ ಹೊರಗಿಂದ ಬಂದಾಗಲೆಲ್ಲ ಅವ್ವ ಹತ್ತಿರ ನಿಂತು ಒಮ್ಮೆ ಉಸಿರೆಳೆದುಕೊಳ್ಳುತ್ತಾಳೆ. ಅಪ್ಪ ಸುಮ್ಮನೆ ನಿಂತುಕೊಳ್ಳುತ್ತಾನೆ. ಇಷ್ಟೆಲ್ಲ ಗೊತ್ತಿದ್ದೂ ಆ ಲೋಟ ಕೊಟ್ಟೆನಲ್ಲ, ನನ್ನ ತಲೆಗೆ ಏನಾಗಿತ್ತು?

ಡಬ್ಬಿ ಹಿಡಿದು ಓಡಿದೆ. "ಅವ್ವಾ, ಬರೀ ವಾಸನೆ ಅಷ್ಟೇ. ಇಲ್ಲೇ ಬರೆದೈತೆ ನೋಡು."

"ನಂಗೆ ಓದಾಕೆ ಬರಲ್ಲ ತಾಯಿ. ಮೂಸಾಕೆ ಬರ್ತೈತೆ."

ಅಪ್ಪ ಕಿಟಕಿ ಕಟ್ಟೆಯತ್ತ ಕೈ ತೋರಿಸಿದ. ಲೋಟ ಅಲ್ಲಿತ್ತು. ತುಂಬಿದ್ದು ತುಂಬಿದ ಹಾಗೇ. ಮೇಲೆ ದಪ್ಪಗೆ ಕೆನೆ ಕಟ್ಟಿತ್ತು.

"ಮಗಳು ಕೊಟ್ಲು. ಮೂಗಿಗೆ ಬಡೀತು, ಅಲ್ಲೇ ಇಟ್ಟೆ. ನೀನು ಬಂದ ಮ್ಯಾಲೆ ಕೇಳಾನ ಅಂತಿದ್ದೆ," ಅಂದ.

ಅವ್ವ ಲೋಟ ಎತ್ತಿದಳು. ಚೆಲ್ಲುತ್ತಾಳೆ ಅಂದುಕೊಂಡೆ. ಕೆನೆ ಸರಿಸಿ ತಾನೇ ಒಂದು ಗುಟುಕು ಕುಡಿದಳು!

"ಥೂ, ಇಷ್ಟೇನಾ? ಈ ರುಚಿಗಾ ನಮ್ಮನ್ನ ಹಂಗೆ ಕುಣಿಸಿದ್ದು ನೀವು?"

"ಅದಕ್ಕೆ ಸಕ್ರೆ ಹಾಕ್ತಿರಲಿಲ್ಲ ಮಾರಾಯ್ತಿ."

ಅವ್ವ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆ ಕೆಟ್ಟ ದಿನಗಳ ಮಾತು ಬಂದಾಗ ನಮ್ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಅಪ್ಪನಿಗೆ ಮಾಮೂಲಿ ಏಲಕ್ಕಿ ಟೀ ಆಯಿತು. ರಮ್ಮಿನ ಡಬ್ಬಿ ನಾನು ಪಾಠ ಮಾಡುವ ಸಂತೇಬೆನ್ನೂರಿನ ಶಾಲೆಗೆ ಹೋಯಿತು. (ಸ್ಟಾಫ್ ರೂಮಿನಲ್ಲಿ ಎರಡೇ ದಿನಕ್ಕೆ ಖಾಲಿ!) ಕಿತ್ತಳೆಯದನ್ನು ಅವ್ವ ತನಗೇ ಇಟ್ಟುಕೊಂಡಿದ್ದಾಳೆ. ದಿನಾ ಸಂಜೆ ಜಗಲಿಯಲ್ಲಿ ಕೂತು ಗತ್ತಿನಿಂದ ಹೀರುತ್ತಾಳೆ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತಾ, ತಲೆಯೆತ್ತದೆ ಅವ್ವ ಅಂದಳು: "ಬುಧವಾರ ಹೊನ್ನಾಳಿ ಮದುವಿಗೆ ನೀವೊಬ್ರೇ ಹೋಗಿ ಬರ್ರಿ. ನಂಗೆ ಕೆಲಸ ಐತೆ."

ಅವಳಿಗೆ ಯಾವ ಕೆಲಸವೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಅಪ್ಪನನ್ನು ಒಂದು ಮದುವೆಗೂ ಒಬ್ಬನನ್ನೇ ಕಳಿಸಿದವಳಲ್ಲ. ಅಪ್ಪ ತುತ್ತು ಕೈಯಲ್ಲೇ ಹಿಡಿದು ಅವಳನ್ನೇ ನೋಡಿದ.

ಚಟ ಬಿಟ್ಟವರನ್ನು ದಿನಾ ಪರೀಕ್ಷೆ ಮಾಡುವ ನಮಗೆ, ಒಮ್ಮೆ "ಹೋಗಿ ಬರ್ರಿ" ಅನ್ನಲು ಯಾಕೆ ಇಷ್ಟು ವರ್ಷ ಬೇಕು?