ದತ್ತ ಎಂಬ ಕಾರಣ

ನಮ್ಮ ಗಣಿತದ ಮೇಷ್ಟ್ರದ್ದು ಒಂದೇ ಕಾನೂನು: ಬೋರ್ಡಿಗೆ ಹೋದವರು ಎರಡು ತ್ರಿಭುಜಗಳು ಸರ್ವಸಮ ಎಂದು ಸಾಧಿಸದೆ ಬೆಂಚಿಗೆ ಮರಳುವಂತಿಲ್ಲ. ಹರಪನಹಳ್ಳಿಯ ಆ ಒಂಬತ್ತನೇ ತರಗತಿಯಲ್ಲಿ ಒಂದು ಮಧ್ಯಾಹ್ನ ನನ್ನ ಸರದಿ ಬಂತು. ಮೊದಲ ಸಾಲಿನಲ್ಲೇ ಎಡವಿದೆ. 'ದತ್ತ' ಎಂದು ಬರೆಯುವಲ್ಲಿ ಒಂದು ಕೊಂಬು ಹೆಚ್ಚಾಗಿ ಬಿದ್ದು 'ದತ್ತು' ಆಯಿತು.

"ಯಾರನ್ನ ದತ್ತು ತಗೊಂಡಿಯವ್ವಾ?" ಎಂದರು ಮೇಷ್ಟ್ರು. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಅವರಿಗೇನು ಗೊತ್ತು? ನಾವು ಅವಳಿ ಮಕ್ಕಳು. ವರ್ಷ ತುಂಬುವ ಮೊದಲೇ ಹೆತ್ತವ್ವ ನನ್ನನ್ನು ಮಕ್ಕಳಿಲ್ಲದ ತನ್ನ ಅಕ್ಕನಿಗೆ ಕೊಟ್ಟಿದ್ದಳು. ಜೊತೆಗೆ ಹುಟ್ಟಿದವಳು ಹೆತ್ತವ್ವನ ಬಳಿ ಹಡಗಲಿಯಲ್ಲೇ ಉಳಿದಳು. ಅದೇ ಮೂಗು, ಅದೇ ಗಲ್ಲ. ರಜೆಗೆ ಅವಳು ಮಲ್ಲಿಗೆ ದಂಡೆ ಮುಡಿದು ಬಂದರೆ ಆ ಹೂವಿನಿಂದಲೇ ಓಣಿಯವರಿಗೆ ಗುರುತು. ಶಾಲೆಯಲ್ಲಿ ಮಾತ್ರ ಅವಳನ್ನು ಚಿಗವ್ವನ ಮಗಳು ಎಂದೇ ಹೇಳಿಕೊಂಡು ಬಂದಿದ್ದೆ. ಇಬ್ಬರೂ ಒಂದೇ ಅಂದಮೇಲೆ ಕೊಡಲು ನಾನೇ ಯಾಕೆ ಬೇಕಾಗಿತ್ತು ಎಂದು ಯಾರನ್ನೂ ಕೇಳಿರಲಿಲ್ಲ.

ಕೊಂಬನ್ನು ಒರೆಸಿದೆ. ಕೈ ಮುಂದಕ್ಕೆ ಓಡಲಿಲ್ಲ. ಹಿಂದೆ ನಗು, ಎದುರಿಗೆ ಗೋಡೆ, ಬಾಗಿಲ ಪಕ್ಕದಲ್ಲೇ ಮೇಷ್ಟ್ರ ಕುರ್ಚಿ. ಸಿಟ್ಟಿನಲ್ಲಿ ಎರಡು ಬಾಹು ಸಮ, ನಡುವಿನ ಕೋನ ಸಮ ಎಂದು ಗೀಚಿದೆ. ಪ್ರತಿ ಸಾಲಿನ ಮುಂದೆ ಕಾರಣ ಬರೆಯಬೇಕು.

"ಇವು ಯಾಕ ಸಮ ಅದಾವ್ರಿ ಸರ್?"

"ಲೆಕ್ಕದಾಗ ಕೊಟ್ಟಾರಲ್ಲ, ದತ್ತ ಅಂತ ಬರಿ. ಕೊಟ್ಟಿದ್ದಕ್ಕ ಬ್ಯಾರೆ ಕಾರಣ ಕೇಳಂಗಿಲ್ಲ."

ಮೈಯೆಲ್ಲ ಉರಿಯಿತು. ಮೂರು ಸಲ 'ದತ್ತ' ಎಂದು ಬರೆದು, ಬಾಹು-ಕೋನ-ಬಾಹು ನಿಯಮದಂತೆ ಸರ್ವಸಮ ಎಂದು ಮುಗಿಸಿ ಬಂದು ಕುಳಿತೆ. ಕುಳಿತರೂ ಬೋರ್ಡಿನ ಮುಂದೆಯೇ ನಿಂತ ಹಾಗಿತ್ತು.

ಸಂಜೆ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಚೀಲ ಇಳಿಸದೆಯೇ ಕೇಳಿಬಿಟ್ಟೆ. "ನನ್ನನ್ನೇ ಯಾಕ ತಂದಿ?"

ಅವಳ ಕೈ ನಿಂತಿತು. "ಇಬ್ಬರನ್ನೂ ಎತ್ಕೊಂಡು ನೋಡಿದ್ನಿ. ಆಕಿ ಹೋ ಅಂತ ಅತ್ಲು. ನೀ ಅಳಲಿಲ್ಲ."

ಸುಮ್ಮನಿದ್ದದ್ದೇ ನನ್ನ ತಪ್ಪಾಗಿತ್ತು! ಅಷ್ಟು ವರ್ಷಗಳ ಅಳುವನ್ನು ಒಟ್ಟಿಗೆ ಅತ್ತೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ನನ್ನ ರಟ್ಟೆ ಹಿಡಿದಳು, ಬಿಡಿಸಿಕೊಳ್ಳಲಾಗದಷ್ಟು ಬಿಗಿಯಾಗಿ.

"ಈಗ ಎಷ್ಟು ಅತ್ರೂ ವಾಪಸ್ ಕೊಡಂಗಿಲ್ಲ" ಎಂದಳು. ಅವಳೂ ಅಳುತ್ತಿದ್ದಳು.